ಹಲ್ಲು ಸವೆದ ಜಾಗವೇ ಕಾರಣ ಹೇಳಿತು

ನನ್ನ ಬಾಯಲ್ಲಿ ಒಂದೂ ಹುಳುಕು ಹಲ್ಲಿಲ್ಲ. ಕೀಳಿಸಿದ್ದಿಲ್ಲ, ಸಿಮೆಂಟ್ ತುಂಬಿಸಿದ್ದೂ ಇಲ್ಲ. ಹಾಗಾಗಿ ಡೆಂಟಿಸ್ಟ್ ಹತ್ತಿರ ಹೋಗುವುದೆಂದರೆ ನನಗೆ ಕಲ್ಲು ತೆಗೆಸುವುದು, ಅಷ್ಟೇ. ಆ ಸಲವೂ ಅದಕ್ಕೇ ಹೋಗಿದ್ದೆ. ತಣ್ಣೀರು ಕುಡಿದರೆ ಮುಂದಿನ ಹಲ್ಲು ಜುಮ್ ಅನ್ನುತ್ತದೆ ಅಂತ ಮಾತಿನ ನಡುವೆ ಹೇಳಿದೆ. ಅವರು ಗಾಳಿ ಊದಿ ಹಲ್ಲು ಒಣಗಿಸಿದರು. ಸಣ್ಣ ಕನ್ನಡಿ ಹಿಡಿದು ಮೇಲಿನ ಬಾಚಿಹಲ್ಲುಗಳ ಹಿಂಬದಿಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಇದು: "ರಾತ್ರಿ ಹೊತ್ತು ಹುಳಿತೇಗು ಬರುತ್ತಾ?"

ಹಲ್ಲಿಗೂ ಹೊಟ್ಟೆಗೂ ಏನು ಸಂಬಂಧ ಅಂತ ನಾನು ಕೇಳುವ ಮೊದಲೇ ಫೋಟೋ ತೆಗೆದು ಪರದೆ ಮೇಲೆ ಹಾಕಿದರು. ನನ್ನ ಹಲ್ಲುಗಳನ್ನು ಅಷ್ಟು ದೊಡ್ಡದಾಗಿ ನಾನು ನೋಡೇ ಇರಲಿಲ್ಲ. ನೋಡಿದ ಮೇಲೆ ಖುಷಿಯೇನೂ ಆಗಲಿಲ್ಲ. ಬಾಚಿಹಲ್ಲುಗಳ ಹಿಂಬದಿ ನುಣ್ಣಗೆ, ಹೊಳೆಯುವಂತೆ ಇತ್ತು. ಅಲ್ಲಿ ಇರಬೇಕಾದ ಸಣ್ಣ ಉಬ್ಬುತಗ್ಗು ಅಳಿಸಿಹೋಗಿತ್ತು. ಅಂಚು ಬೂದು ಬಣ್ಣಕ್ಕೆ ತಿರುಗಿ, ಬೆಳಕು ಹಾಯುವಷ್ಟು ತೆಳುವಾಗಿತ್ತು. ಕೋರೆಹಲ್ಲಿನ ಮೊನೆ ಚಪ್ಪಟೆ. ಕೆಳಗಿನ ದವಡೆ ಹಲ್ಲುಗಳ ದಿಬ್ಬಗಳ ತುದಿಯಲ್ಲಿ ಪುಟ್ಟ ಪುಟ್ಟ ಗುಳಿ. ಎಡಗಡೆ ಒಸಡಿನ ಪಕ್ಕದಲ್ಲಿ ಉಗುರು ಸಿಕ್ಕಿಹಾಕಿಕೊಳ್ಳುವಂಥ ಒಂದು ಗೀರು.

ಇದೆಲ್ಲ ಒಂದೇ ಕಾಯಿಲೆ ಅಂತ ನಾನು ಅಂದುಕೊಂಡೆ. ಅಲ್ಲವಂತೆ. ಬೇರೆ ಬೇರೆ ಸವೆತಗಳು ಒಂದೇ ಬಾಯಲ್ಲಿ ಸೇರಿಕೊಂಡಿದ್ದವು. ಹಿಂಬದಿ ನುಣ್ಣಗಾಗಿರುವುದು ಹೊಟ್ಟೆಯಿಂದ ಬರುವ ಆಸಿಡ್ ಕೆಲಸ, ಯಾಕೆಂದರೆ ಅದು ಮೇಲೆ ಬಂದಾಗ ಮೊದಲು ತಾಗುವ ಜಾಗಗಳಲ್ಲಿ ಅದೂ ಒಂದು. ದವಡೆ ಹಲ್ಲಿನ ಗುಳಿಗಳೂ ಆಸಿಡ್‌ನವೇ, ಆದರೆ ಅವು ಕುಡಿಯುವ ಪದಾರ್ಥದಿಂದಲೂ ಆಗಬಹುದು. ಕೋರೆಹಲ್ಲು ಚಪ್ಪಟೆಯಾಗಿದ್ದು ಹಲ್ಲು ಕಡಿಯುವುದರಿಂದ. ಕೆಳದವಡೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಅಂದರು. ಸರಿಸಿದೆ. ಮೇಲಿನ ಚಪ್ಪಟೆ ಭಾಗವೂ ಕೆಳಗಿನದೂ ಬೀಗಕ್ಕೆ ಕೀಲಿ ಕೂತ ಹಾಗೆ ಕೂತವು. ಹಗಲಲ್ಲಿ ನಾನು ಯಾವತ್ತೂ ದವಡೆಯನ್ನು ಆ ಭಂಗಿಗೆ ಒಯ್ಯುವುದಿಲ್ಲ. ಅಂದರೆ ನಿದ್ದೆಯಲ್ಲಿ ಒಯ್ಯುತ್ತಿದ್ದೇನೆ! ಇನ್ನು ಎಡಗಡೆಯ ಗೀರು ಬ್ರಷ್‌ನದು. ಬಲಗೈಯಲ್ಲಿ ಉಜ್ಜುವವರು ಎಡಗಡೆಗೆ ಜಾಸ್ತಿ ಬಲ ಹಾಕುವುದು ಮಾಮೂಲಂತೆ.

ಸವೆತಕ್ಕೆ ಅಂಕ ಕೊಡುವ ಒಂದು ಪದ್ಧತಿ ಇದೆ. 2008ರಲ್ಲಿ ಬಂದದ್ದು. ಬಾಯಿಯನ್ನು ಆರು ಭಾಗ ಮಾಡಿ, ಪ್ರತಿ ಭಾಗದಲ್ಲಿ ಅತಿ ಹೆಚ್ಚು ಸವೆದ ಹಲ್ಲಿಗೆ 0ಯಿಂದ 3ರವರೆಗೆ ಅಂಕ ಹಾಕಿ ಕೂಡಿಸುತ್ತಾರೆ. ಗರಿಷ್ಠ 18. ಇದರಲ್ಲಿ ಕಡಿಮೆ ಅಂಕ ಬಂದರೆ ಒಳ್ಳೆಯದು. 9ರಿಂದ 13 ಬಂದರೆ ಮಧ್ಯಮ ಅಪಾಯ. ನನ್ನದು ಆ ಗುಂಪಿಗೆ ಬಿತ್ತು.

ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಬಗ್ಗೆ ಅವತ್ತು ಅವರು ಹೇಳಿದ್ದು, ಆಮೇಲೆ ನಾನು ಓದಿಕೊಂಡಿದ್ದು ಎರಡನ್ನೂ ಸೇರಿಸಿ ಬರೆಯುತ್ತೇನೆ. ಮನುಷ್ಯನ ಮೈಯಲ್ಲಿ ಅದಕ್ಕಿಂತ ಗಟ್ಟಿ ಪದಾರ್ಥ ಇನ್ನೊಂದಿಲ್ಲ. ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹರಳುಗಳು. ದವಡೆ ಹಲ್ಲಿನ ದಿಬ್ಬದ ಮೇಲೆ ಸುಮಾರು 2.5 ಮಿಲಿಮೀಟರ್ ದಪ್ಪ ಇರುತ್ತದೆ. ಒಸಡಿನ ಹತ್ತಿರ ಬರುತ್ತಾ ತೀರಾ ತೆಳುವಾಗುತ್ತದೆ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಒಸಡು ಸೀಳಿ ಹೊರಗೆ ಬರುವ ಹೊತ್ತಿಗೆ ಇಲ್ಲವಾಗುತ್ತವೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಎನಾಮಲ್ ಪದರ ಹೋದರೆ ಹೋಯಿತು.

ಇಷ್ಟು ಗಟ್ಟಿ ಇದ್ದರೂ ಆಸಿಡ್ ಮುಂದೆ ಅದು ಸೋಲುತ್ತದೆ. ಆಸಿಡ್ ಎಷ್ಟಿದೆ ಅಂತ ಹೇಳುವ ಅಳತೆ ಪಿಎಚ್, ಅದು ಕಡಿಮೆ ಇದ್ದಷ್ಟೂ ಆಸಿಡ್ ಜಾಸ್ತಿ. ಹಲ್ಲಿನ ಮೇಲೆ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹರಳು ಕರಗಲು ಶುರುವಾಗುತ್ತದೆ. ನಿಂಬೆರಸದ ಪಿಎಚ್ 2ರ ಆಸುಪಾಸು. ಕೋಲಾ 2.5ರ ಹತ್ತಿರ, ಸಕ್ಕರೆ ಇಲ್ಲದ ಕೋಲಾ ಕೂಡ ಆಸಿಡ್ ಲೆಕ್ಕದಲ್ಲಿ ಅದೇ ಸಾಲಿನದು. ಹೊಟ್ಟೆಯ ಆಸಿಡ್ 1ರಿಂದ 2. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಆಸಿಡ್ ಹತ್ತು ಪಟ್ಟು ಹೆಚ್ಚು ಅಂತ ಅರ್ಥ, ಇದನ್ನು ಮರೆಯಬಾರದು. ಆಸಿಡ್ ತಾಗಿದಾಗ ಮೇಲ್ಮೈ ತಕ್ಷಣ ಉದುರುವುದಿಲ್ಲ, ಮೆತ್ತಗಾಗುತ್ತದೆ. ಮೆತ್ತಗಾದಾಗ ಅದರ ಮೇಲೆ ಬ್ರಷ್ ಬಿದ್ದರೆ, ಎದುರು ಹಲ್ಲು ಉಜ್ಜಿದರೆ, ಆ ಪದರ ಹೋಗುತ್ತದೆ. ಹಾಗಾಗಿ ನನ್ನ ಬಾಯಲ್ಲಿದ್ದ ಸವೆತಗಳು ಒಂದಕ್ಕೊಂದು ಕೈಜೋಡಿಸಿದ್ದವು.

ಹಲ್ಲು ಜುಮ್ ಅನ್ನುವುದಕ್ಕೂ ಕಾರಣ ಇದೇ. ಎನಾಮಲ್ ಕೆಳಗೆ ಡೆಂಟಿನ್ ಇದೆ. ಅದರ ತುಂಬ ಕಣ್ಣಿಗೆ ಕಾಣದ ಕೊಳವೆಗಳು, ಕೊಳವೆಗಳಲ್ಲಿ ದ್ರವ. ಮುಚ್ಚಳ ಸರಿದರೆ ತಣ್ಣೀರಿಗೆ ಆ ದ್ರವ ಅಲುಗಾಡಿ ಒಳಗಿನ ನರಕ್ಕೆ ಸುದ್ದಿ ಮುಟ್ಟಿಸುತ್ತದೆ. ಡೆಂಟಿನ್ ಬಣ್ಣ ಹಳದಿ. ಎನಾಮಲ್ ತೆಳುವಾದಷ್ಟೂ ಹಳದಿ ಜಾಸ್ತಿ ಕಾಣುತ್ತದೆ. ಅದನ್ನು ಕೊಳೆ ಅಂದುಕೊಂಡು ಇದ್ದಿಲು ಪುಡಿ, ಬಿಳುಪಿನ ಪೇಸ್ಟು ಹಾಕಿ ಗಸಗಸ ಉಜ್ಜುವವರು ತುಂಬ ಜನ ಬರುತ್ತಾರೆ ಅಂದರು ಡೆಂಟಿಸ್ಟ್. ಉಜ್ಜಿದಷ್ಟೂ ಹಳದಿ ಜಾಸ್ತಿ ಆಗುತ್ತದೆ, ಪಾಪ.

ನಾನು ಏನಾದರೂ ಒಂದು ಒಳ್ಳೆ ಪೇಸ್ಟ್ ಬರೆದುಕೊಡುತ್ತಾರೆ, ಮುಗಿಯಿತು ಅಂತ ಕಾದಿದ್ದೆ. ಬರೆದುಕೊಟ್ಟಿದ್ದು ಖಾಲಿ ಹಾಳೆ. ಬಾಯಿಗೆ ಏನು ಹೋಯಿತು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಬಾಯಲ್ಲಿತ್ತು, ಎಲ್ಲ ಬರೆಯಬೇಕು. ರಜೆಯ ದಿನ, ಕೆಲಸದ ದಿನ ಎರಡೂ ಅದರಲ್ಲಿ ಬರಬೇಕು. ಹುಳಿತೇಗು ಬಂದದ್ದು, ಬೆಳಿಗ್ಗೆ ದವಡೆ ನೋವು ಇದ್ದದ್ದು, ಬ್ರಷ್ ಮಾಡಿದ ಹೊತ್ತು, ಎಲ್ಲಕ್ಕೂ ಒಂದೊಂದು ಕಾಲಂ. ಔಷಧಿಗಳನ್ನೂ ಬರೆಯಿರಿ ಅಂದರು. ಅಲರ್ಜಿ ಮಾತ್ರೆಗಳಂಥವು ಬಾಯಿ ಒಣಗಿಸುತ್ತವೆ, ಚೀಪುವ ವಿಟಮಿನ್ ಸಿ ಮಾತ್ರೆ ನೇರವಾಗಿ ಆಸಿಡ್ಡೇ.

ಈ ಹಾಳೆ ತುಂಬಿಸುವುದು ಬೋರು ಕೆಲಸ. ಆದರೆ ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಅಂತ ನನ್ನ ಲೆಕ್ಕ. ನಾನು ದಿನಕ್ಕೆ ಒಂದೇ ಬಾಟಲಿ ನಿಂಬೆ ನೀರು ಕುಡಿಯುತ್ತಿದ್ದೆ. ಪ್ರಮಾಣ ನೋಡಿದರೆ ಏನೂ ಇಲ್ಲ. ಹಾಳೆಯಲ್ಲಿ ಹೊತ್ತು ನೋಡಿದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಅದೇ ಬಾಟಲಿ ಇತ್ತು, ಗುಟುಕು ಗುಟುಕಾಗಿ. ಪ್ರತಿ ಗುಟುಕಿಗೂ ಪಿಎಚ್ ಇಳಿಯುತ್ತದೆ. ಎಂಜಲು ಅದನ್ನು ಮತ್ತೆ ಮೇಲಕ್ಕೆ ತರುವ ಹೊತ್ತಿಗೆ ಮುಂದಿನ ಗುಟುಕು. ಅದೇ ಬಾಟಲಿಯನ್ನು ಊಟದ ಜೊತೆ ಒಮ್ಮೆಲೇ ಕುಡಿದು ಮುಗಿಸಿದ್ದರೆ ಹಾನಿ ಎಷ್ಟೋ ಕಡಿಮೆ. ಎಷ್ಟು ಕುಡಿದೆ ಅನ್ನುವುದಕ್ಕಿಂತ ಎಷ್ಟು ಸಲ ಕುಡಿದೆ ಅನ್ನುವ ಲೆಕ್ಕವೇ ಇಲ್ಲಿ ದೊಡ್ಡದು. ಬಾಯಲ್ಲಿ ಅಡ್ಡಾಡಿಸಿ ಕುಡಿಯುವುದಂತೂ ಬೇಡವೇ ಬೇಡ.

ಕುತೂಹಲಕ್ಕೆ ಪಿಎಚ್ ಅಳೆಯುವ ಕಾಗದದ ಪಟ್ಟಿ ತಂದು ಮನೆಯಲ್ಲಿದ್ದದ್ದನ್ನೆಲ್ಲ ಅದ್ದಿ ನೋಡಿದೆ. ಅದರಲ್ಲಿ ಅಚ್ಚರಿ ಹುಟ್ಟಿಸಿದ್ದು ಮೊಸರು. ಅದರ ಪಿಎಚ್ 4ರ ಹತ್ತಿರ. 5.5ರ ಲೆಕ್ಕ ಹಿಡಿದರೆ ಅದೂ ಹಲ್ಲು ಕರಗಿಸಬೇಕು, ಅಲ್ವಾ? ಕರಗಿಸುವುದಿಲ್ಲ. ಮೊಸರಿನಲ್ಲೇ ಬೇಕಾದಷ್ಟು ಕ್ಯಾಲ್ಸಿಯಂ, ಫಾಸ್ಫೇಟ್ ಇರುವುದರಿಂದ ಹಲ್ಲಿನಿಂದ ಅವು ಹೊರಬರಲು ಜಾಗವೇ ಇಲ್ಲ. ಪಿಎಚ್ ಒಂದನ್ನೇ ನೋಡಿ ಹೆದರಬೇಕಾಗಿಲ್ಲ ಅಂತ ಆಗ ಅರ್ಥವಾಯಿತು. ಸಾದಾ ಸೋಡಾ ನೀರಿನ ಆಸಿಡ್ ಕೂಡ ದುರ್ಬಲ, ಅದರಲ್ಲಿ ಹುಳಿ ಸೇರಿಸಿದರೆ ಕಥೆ ಬೇರೆ.

ಎಂಜಲಿನ ಬಗ್ಗೆ ನನಗೆ ಗೌರವ ಹುಟ್ಟಿದ್ದೂ ಆಗಲೇ. ಅದು ಆಸಿಡ್ ತೊಳೆಯುತ್ತದೆ, ಅದರಲ್ಲಿರುವ ಬೈಕಾರ್ಬನೇಟ್ ಆಸಿಡ್ ಮುರಿಯುತ್ತದೆ, ಅದರಲ್ಲಿರುವ ಕ್ಯಾಲ್ಸಿಯಂ ಮೆತ್ತಗಾದ ಮೇಲ್ಮೈಗೆ ವಾಪಸ್ ಹೋಗುತ್ತದೆ. ಹಲ್ಲಿನ ಮೇಲೆ ತೆಳ್ಳಗಿನ ಪ್ರೋಟೀನ್ ಪೊರೆಯೊಂದನ್ನೂ ಹಾಸುತ್ತದೆ. ನಿದ್ದೆಯಲ್ಲಿ ಮಾತ್ರ ಎಂಜಲು ಬಹಳ ಕಡಿಮೆಯಾಗುತ್ತದೆ. ಹಾಗಾಗಿ ರಾತ್ರಿಯ ಹುಳಿತೇಗು ಹಗಲಿನದ್ದಕ್ಕಿಂತ ಕೆಟ್ಟದ್ದು. ತೊಳೆಯುವವರೇ ಇರುವುದಿಲ್ಲ.

ಆದ್ದರಿಂದ ಮೊದಲು ಹೊಟ್ಟೆ ಡಾಕ್ಟರ್. ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ, ಆಮೇಲೆ ಅಂತ ಡೆಂಟಿಸ್ಟ್ ಖಡಾಖಂಡಿತವಾಗಿ ಹೇಳಿದರು. ಹೊಟ್ಟೆಯ ಆಸಿಡ್ ಬರುತ್ತಲೇ ಇರುವಾಗ ಹಲ್ಲಿನ ಮೇಲೆ ಗಾರ್ಡ್ ಹಾಕಿದರೆ ಆಸಿಡ್ ಅದರೊಳಗೆ ಸಿಕ್ಕಿಕೊಂಡು ಹಲ್ಲಿಗೆ ಅಂಟಿಯೇ ಇರಬಹುದು. ಈ ಮಾತು ನನಗೆ ತುಂಬ ಹಿಡಿಸಿತು. ಅವರು ಒಂದು ಗಾರ್ಡ್ ಮಾಡಿ ದುಡ್ಡು ತೆಗೆದುಕೊಂಡು ಕಳಿಸಬಹುದಿತ್ತು. ಗೊರಕೆ ಬರುತ್ತಾ ಅಂತಲೂ ಕೇಳಿದರು. ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇರುವ ಕೆಲವರಲ್ಲಿ ಹಲ್ಲು ಕಡಿಯುವುದೂ ಇರುತ್ತದಂತೆ. ಅಂಥವರಿಗೆ ಸುಮ್ನೆ ಗಾರ್ಡ್ ಕೊಟ್ಟು ಕಳಿಸುವುದು ಸರಿಯಲ್ಲ. ನನಗೆ ಅದಿರಲಿಲ್ಲ.

ಹೊಟ್ಟೆ ಡಾಕ್ಟರ್ ಕೊಟ್ಟ ಸಲಹೆಗಳು ಸರಳ, ಪಾಲಿಸುವುದು ಕಷ್ಟ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಕಟ್ಟಿಗೆ ತುಂಡು ಇಟ್ಟು ಎತ್ತರ ಮಾಡುವುದು. ಎರಡು ದಿಂಬು ಇಟ್ಟರೆ ಕುತ್ತಿಗೆ ಮಾತ್ರ ಬಾಗುತ್ತದೆ, ಹೊಟ್ಟೆ ಇನ್ನಷ್ಟು ಮಡಚಿಕೊಳ್ಳುತ್ತದೆ, ಅದು ಬೇಡ. ಎಡಮಗ್ಗುಲಲ್ಲಿ ಮಲಗುವುದು. ಇದರ ಜೊತೆ ಸ್ವಲ್ಪ ಕಾಲ ಆಸಿಡ್ ಕಡಿಮೆ ಮಾಡುವ ಮಾತ್ರೆ. ನನಗೆ ಎದೆಯುರಿ ಅಂತ ದೊಡ್ಡದಾಗಿ ಯಾವತ್ತೂ ಇರಲಿಲ್ಲ. ಬೆಳಿಗ್ಗೆ ಎದ್ದಾಗ ಬಾಯಿ ಹುಳಿ, ಗಂಟಲು ಕೆರೆತ, ಇಷ್ಟೇ. ಎಷ್ಟೋ ಜನರಿಗೆ ಅದೂ ಇರುವುದಿಲ್ಲವಂತೆ, ಹಲ್ಲು ನೋಡಿದ ಮೇಲೆಯೇ ಗೊತ್ತಾಗುತ್ತದೆ. ರಾತ್ರಿ ಹುಳಿನೀರು ಬಾಯಿಗೆ ಬಂದರೆ ಎದ್ದು ನೀರಲ್ಲಿ ಮುಕ್ಕಳಿಸಬೇಕು, ಬೇಕಾದರೆ ಆ ನೀರಿಗೆ ಚೂರು ಅಡುಗೆ ಸೋಡಾ ಹಾಕಿಕೊಳ್ಳಬಹುದು. ಬ್ರಷ್ ಮುಟ್ಟಬಾರದು.

ಬ್ರಷ್ ವಿಷಯಕ್ಕೆ ಬಂದರೆ, ಮೆತ್ತನೆ ಎಳೆಗಳ ಬ್ರಷ್ ತೆಗೆದುಕೊಂಡೆ. ಮುಷ್ಟಿಯಲ್ಲಿ ಹಿಡಿಯುವ ಬದಲು ಪೆನ್ ಹಿಡಿಯುವ ಹಾಗೆ ಬೆರಳಲ್ಲಿ ಹಿಡಿಯುವುದು ಕಲಿತೆ. ಹಾಗೆ ಹಿಡಿದರೆ ಬಲ ಹಾಕಬೇಕೆಂದರೂ ಆಗುವುದಿಲ್ಲ. ಬೆಳಿಗ್ಗೆ ತಿಂಡಿಗೆ ಮುಂಚೆಯೇ ಬ್ರಷ್ ಮಾಡುತ್ತೇನೆ. ಹುಳಿ ತಿಂದ ಮೇಲೆ ಅರ್ಧ ಗಂಟೆ, ಒಂದು ಗಂಟೆ ಕಾಯಿರಿ ಅಂತ ಬಹಳ ಕಡೆ ಹೇಳುತ್ತಾರೆ. ತಿಂಡಿಗೆ ಮುಂಚೆ ಮುಗಿಸಿದರೆ ಆ ತಲೆನೋವೇ ಇರುವುದಿಲ್ಲ. ಉಜ್ಜಿ ಉಗುಳಿದ ಮೇಲೆ ನೀರು ಹಾಕಿ ಮುಕ್ಕಳಿಸುವುದನ್ನು ಬಿಟ್ಟೆ. ಬಾಯಲ್ಲಿ ನೊರೆ ಉಳಿದುಕೊಳ್ಳುವುದು ಮೊದಮೊದಲು ಹಿಂಸೆ ಅನಿಸುತ್ತದೆ. ಆದರೆ ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿದರೇನೇ ಕೆಲಸ ಮಾಡುವುದು. ಫ್ಲೋರೈಡ್ ಹರಳಿನೊಳಗೆ ಸೇರಿದರೆ ಅದು ಕರಗಲು ಪಿಎಚ್ ಸುಮಾರು 4.5ರವರೆಗೆ ಇಳಿಯಬೇಕು. 5.5ರಿಂದ 4.5 ಅಂದರೆ ಹತ್ತು ಪಟ್ಟು ಆಸಿಡ್ ತಡೆಯುವ ಶಕ್ತಿ. ಆದರೆ ಹೊಟ್ಟೆಯ ಆಸಿಡ್ 1, 2 ಇರುವಾಗ ಅದಕ್ಕೂ ಒಂದು ಮಿತಿ ಇದೆ.

ನನಗೆ ಹೇಳಿದ್ದು ಸ್ಟಾನಸ್ ಫ್ಲೋರೈಡ್ ಇರುವ ಪೇಸ್ಟ್. ಅದರಲ್ಲಿರುವ ತವರ ಹಲ್ಲಿನ ಮೇಲೆ ಕೂತು ಆಸಿಡ್‌ಗೆ ಅಡ್ಡ ನಿಲ್ಲುತ್ತದೆ. ರುಚಿ ಸ್ವಲ್ಪ ಲೋಹದ ಥರ, ಕೆಲವರಿಗೆ ಹಲ್ಲಿನ ಮೇಲೆ ಕಂದು ಕಲೆಯೂ ಬರಬಹುದು, ಆದರೆ ಅದು ಕ್ಲೀನಿಂಗ್‌ನಲ್ಲಿ ಹೋಗುತ್ತದೆ. ಎನಾಮಲ್ ಮತ್ತೆ ಬೆಳೆಸುತ್ತೇವೆ ಅನ್ನುವ ಜಾಹೀರಾತಿನ ಬಗ್ಗೆ ಕೇಳಿದೆ. ಮೆತ್ತಗಾದ ಪದರ ಇನ್ನೂ ಅಲ್ಲೇ ಇದ್ದರೆ ಅದು ಮತ್ತೆ ಗಟ್ಟಿಯಾಗಬಲ್ಲದು, ಉದುರಿಹೋದದ್ದು ಬರುವುದಿಲ್ಲ ಅಂದರು. ಜಾಹೀರಾತು ಈ ಎರಡನ್ನೂ ಸೇರಿಸಿ ಒಂದೇ ಮಾತು ಮಾಡಿಬಿಡುತ್ತದೆ.

ಕ್ಲಿನಿಕ್‌ನಲ್ಲಿ ಫ್ಲೋರೈಡ್ ವಾರ್ನಿಶ್ ಕೂಡ ಬಳಿದರು. ಅಂಟಂಟು, ಹಳದಿ ಬಣ್ಣ. ಪೇಸ್ಟಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಅನ್ನುವ ಅಳತೆ) ಇದ್ದರೆ ಇದರಲ್ಲಿ 22,600. ಅವತ್ತು ಬಿಸಿಯದು, ಗಟ್ಟಿಯದು ತಿನ್ನುವ ಹಾಗಿಲ್ಲ. ಹಲ್ಲಿಗೆ ಯಾರೋ ಮೇಣ ಮೆತ್ತಿದ ಅನುಭವ. ಜುಮ್ ಅನ್ನುವುದು ಕೆಲವು ವಾರಗಳಲ್ಲಿ ಕಡಿಮೆಯಾಯಿತು. ಅದರಲ್ಲಿ ವಾರ್ನಿಶ್ ಪಾಲೆಷ್ಟು, ಪೇಸ್ಟ್ ಪಾಲೆಷ್ಟು, ನಿಂಬೆ ನೀರು ಬಿಟ್ಟದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳಲಾರೆ.

ಹುಳಿತೇಗು ಹತೋಟಿಗೆ ಬಂದ ಮೇಲೆ ಗಾರ್ಡ್ ಸರದಿ. ಪುಟ್ಟ ಸ್ಕ್ಯಾನರ್ ಕಡ್ಡಿಯನ್ನು ಬಾಯೊಳಗೆ ಆಡಿಸಿ ಹಲ್ಲುಗಳ ಮೂರು ಆಯಾಮದ ಚಿತ್ರ ತೆಗೆದರು. ಗಟ್ಟಿ ಅಕ್ರಿಲಿಕ್ ಗಾರ್ಡ್ ಲ್ಯಾಬ್‌ನಿಂದ ಬಂತು, ಮೇಲಿನ ಹಲ್ಲಿಗೆ. ಹಾಕಿಸಿ, ನೀಲಿ ಕಾಗದ ಕಚ್ಚಿಸಿ, ಎಲ್ಲಿ ಬಣ್ಣ ಗಾಢವಾಗಿ ಬಿತ್ತೋ ಅಲ್ಲಿ ಚೂರು ಕೆರೆದು, ಮತ್ತೆ ಕಚ್ಚಿಸಿ, ಮತ್ತೆ ಕೆರೆದು. ಈ ಕೆಲಸಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಎಲ್ಲ ಹಲ್ಲೂ ಗಾರ್ಡಿಗೆ ಒಂದೇ ಸಮ ತಾಗಬೇಕು. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚುವ ಅಗ್ಗದ ಗಾರ್ಡ್‌ನಲ್ಲಿ ಈ ಹೊಂದಾಣಿಕೆ ಸಿಗುವುದಿಲ್ಲ.

ಮೊದಲ ರಾತ್ರಿಗಳು ಅಷ್ಟೇನೂ ಚೆನ್ನಾಗಿರಲಿಲ್ಲ. ಜೊಲ್ಲು ಸುರಿದು ದಿಂಬು ಒದ್ದೆ. ಮಾತಾಡಿದರೆ ತೊದಲು. ನಿದ್ದೆಯಲ್ಲಿ ಎಷ್ಟೋ ಸಲ ಕಿತ್ತು ಪಕ್ಕಕ್ಕಿಟ್ಟಿದ್ದೆ, ನೆನಪೇ ಇರುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಬೆಳಿಗ್ಗೆ ತಣ್ಣೀರಲ್ಲಿ ಮೆತ್ತನೆ ಬ್ರಷ್ ಹಾಕಿ ತೊಳೆಯುತ್ತೇನೆ. ಬಿಸಿನೀರು ಹಾಕಿದರೆ ಆಕಾರ ಕೆಡುತ್ತದೆ, ಪೇಸ್ಟ್ ಹಾಕಿದರೆ ಗೀರು ಬಿದ್ದು ಕೊಳೆ ಕೂರುತ್ತದೆ. ಗಾರ್ಡ್ ಹಲ್ಲು ಕಡಿಯುವುದನ್ನು ನಿಲ್ಲಿಸುವುದಿಲ್ಲ. ಹಲ್ಲಿನ ಬದಲು ತಾನು ಸವೆಯುತ್ತದೆ, ಅಷ್ಟೇ. ಅದನ್ನು ಬೆಳಕಿಗೆ ಹಿಡಿದರೆ ಕೋರೆಹಲ್ಲಿನ ಜಾಗದಲ್ಲಿ ಗೀರುಗಳು ಸಾಲಾಗಿ ಕಾಣುತ್ತವೆ. ಅವೆಲ್ಲ ನನ್ನ ಹಲ್ಲಿನ ಮೇಲೆ ಬೀಳಬೇಕಾಗಿದ್ದವು.

ಹಗಲಿಗೆ ಗಾರ್ಡ್ ಇಲ್ಲ. ತುಟಿ ಮುಚ್ಚಿ ಸುಮ್ಮನೆ ಕೂತಾಗ ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಾಗಲೇಬಾರದು, ನಡುವೆ ಎರಡು ಮೂರು ಮಿಲಿಮೀಟರ್ ಸಂದು ಇರಬೇಕು. ಇದು ನನಗೆ ಹೊಸ ವಿಷಯ. ಕಂಪ್ಯೂಟರ್ ಮುಂದೆ ಕೂತಾಗಲೆಲ್ಲ ನಾನು ಹಲ್ಲು ಬಿಗಿಹಿಡಿದೇ ಇರುತ್ತೇನೆ ಅಂತ ಪರದೆಗೆ ಒಂದು ಬಣ್ಣದ ಚುಕ್ಕೆ ಅಂಟಿಸಿದ ಮೇಲೆ ಗೊತ್ತಾಯಿತು. ಚುಕ್ಕೆ ಕಂಡಾಗ ದವಡೆ ಸಡಿಲ ಮಾಡಬೇಕು. ಸ್ವಲ್ಪ ದಿನಕ್ಕೆ ಕಣ್ಣು ಚುಕ್ಕೆಯನ್ನು ನೋಡುವುದೇ ಬಿಟ್ಟಿತು, ಆಗ ಜಾಗ ಬದಲಿಸಿದೆ.

ಕೊನೆಗೆ ತೆಳುವಾದ ಬಾಚಿಹಲ್ಲಿನ ಅಂಚಿಗೂ ಹಿಂಬದಿಗೂ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ರಾಳ, ಕಟ್ಟಿದರು. ಹಲ್ಲು ಕೊರೆಯಲಿಲ್ಲ. ಇದರಲ್ಲಿ ಒಂದು ತಮಾಷೆ ಇದೆ. ಕಾಂಪೋಸಿಟ್ ಅಂಟಬೇಕಾದರೆ ಮೊದಲು ಎನಾಮಲ್ ಮೇಲೆ ಫಾಸ್ಫಾರಿಕ್ ಆಸಿಡ್ ಹಚ್ಚುತ್ತಾರೆ, ಸುಮಾರು ಶೇ. 37ರಷ್ಟು ತೀಕ್ಷ್ಣತೆಯದು, ಕೆಲವೇ ಸೆಕೆಂಡು. ಹರಳುಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಾಗಿ ಅಂಟು ಒಳಗೆ ಇಳಿದು ಹಿಡಿದುಕೊಳ್ಳುತ್ತದೆ. ಮೈಕಲ್ ಬ್ಯೂನೊಕೋರ್ ಅನ್ನುವ ಅಮೆರಿಕದ ದಂತವಿಜ್ಞಾನಿ 1955ರಲ್ಲಿ ಈ ಉಪಾಯವನ್ನು ಪ್ರಕಟಿಸಿದ್ದರು. ಇಷ್ಟು ದಿನ ಆಸಿಡ್‌ನಿಂದ ಹಲ್ಲು ಕಾಪಾಡಲು ಒದ್ದಾಡಿ, ಕುರ್ಚಿಯಲ್ಲಿ ಬಾಯಿ ತೆರೆದು ಆಸಿಡ್ ಹಚ್ಚಿಸಿಕೊಳ್ಳುತ್ತಿದ್ದೇನಲ್ಲ ಅಂತ ನಗು ಬಂತು, ಬಾಯಲ್ಲಿ ಹತ್ತಿ ತುಂಬಿದ್ದರಿಂದ ನಗಲಾಗಲಿಲ್ಲ. ಅಂಟು ಹಿಡಿಯಲು ಎನಾಮಲ್ ಸ್ವಲ್ಪವಾದರೂ ಉಳಿದಿರಬೇಕು. ಬರೀ ಡೆಂಟಿನ್ ಮೇಲೆ ಹಿಡಿತ ಅಷ್ಟು ಗಟ್ಟಿ ಅಲ್ಲ. ಹಾಗಾಗಿ ಈ ಹಂತದಲ್ಲೇ ಬಂದಿದ್ದು ಒಳ್ಳೆಯದಾಯಿತು ಅಂದರು.

ಮುಂದಿನ ವರ್ಷ ಮತ್ತೆ ಸ್ಕ್ಯಾನ್ ಮಾಡಿ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ನೋಡಿದರು. ವ್ಯತ್ಯಾಸವಾದ ಜಾಗ ಬೇರೆ ಬಣ್ಣದಲ್ಲಿ ಕಾಣುತ್ತದೆ. ದವಡೆ ಹಲ್ಲಿನ ಗುಳಿಗಳು ಇದ್ದ ಹಾಗೇ ಇದ್ದವು, ಒಸಡಿನ ಗೀರು ಕೂಡ. ಕೆಳಗಿನ ಬಲ ಕೋರೆಹಲ್ಲಿನ ತುದಿಯಲ್ಲಿ ಮಾತ್ರ ಒಂದು ಸಣ್ಣ ಕೆಂಪು ಕಲೆ. ರಾತ್ರಿ ಗಾರ್ಡ್ ಇರುವುದರಿಂದ ಇದು ಹಗಲಿನ ಸವೆತ ಇರಬೇಕು ಅನ್ನುವುದು ಅವರ ಊಹೆ. ಬಣ್ಣದ ಚುಕ್ಕೆ ಮುಂದುವರಿದಿದೆ. ಕಾಂಪೋಸಿಟ್ ಅಂಚು ಒಂದು ಕಡೆ ಚೂರು ಹಾರಿತ್ತು, ಅಲ್ಲೇ ಕೂತಲ್ಲೇ ಸರಿಮಾಡಿದರು. ಮುಂದಿನ ಸಲ ಬರುವಾಗ ಗಾರ್ಡ್ ತರಬೇಕಂತೆ, ಕೋರೆಹಲ್ಲಿನ ಜಾಗದಲ್ಲಿ ಅದು ತೂತು ಬೀಳುವ ಮೊದಲೇ ಹೊಸದಕ್ಕೆ ಅಳತೆ ಕೊಡಬೇಕಾಗುತ್ತದೆ.